ಒಂದು ಕಾಲು ನೀರಿನಲ್ಲಿಟ್ಟ ರಾಜ

ಎಲ್ಲರಿಗೂ ನಮಸ್ಕಾರ. ಇವತ್ತು ನವೆಂಬರ್ 2, ತೀರಿಕೊಂಡವರನ್ನು ನೆನೆಯುವ ದಿನ. ಆಹ್ವಾನ ಪತ್ರಿಕೆಯಲ್ಲಿ ನನ್ನ ವಿಷಯ 'ಮರಣದ ನಂತರ: ಕ್ರೈಸ್ತ ನಂಬಿಕೆ' ಎಂದು ಅಚ್ಚಾಗಿದೆ. ಓದಿದರೆ ನಾನೇನೋ ಹೋಗಿ ನೋಡಿಕೊಂಡು ಬಂದವನ ಹಾಗಿದೆ. ಹಾಗೇನಿಲ್ಲ. ಮೂರು ವಿಷಯ ಬರೆದುಕೊಂಡು ಬಂದಿದ್ದೇನೆ. ಮೂರನ್ನೂ ಮುಗಿಸುತ್ತೇನೆ ಅಂತ ನನ್ನನ್ನು ಬಲ್ಲವರು ಯಾರೂ ನಂಬುವುದಿಲ್ಲ.

ಸಾವಿನ ಮನೆಯಲ್ಲಿ ಸ್ವರ್ಗ ಇದೆಯೋ ಇಲ್ಲವೋ ಅಂತ ಯಾರೂ ವಾದ ಮಾಡುವುದಿಲ್ಲ. ನಮ್ಮ ಅಪ್ಪ ಈಗ ಎಲ್ಲಿದ್ದಾರೆ, ಮತ್ತೆ ಸಿಗ್ತಾರಾ, ಇಷ್ಟೇ ಕೇಳುತ್ತಾರೆ. ಕೇಳಿದ ತಕ್ಷಣ ನಾವು ಉತ್ತರ ಕೊಟ್ಟುಬಿಡುತ್ತೇವೆ. ಅದೂ ಎಷ್ಟು ಧೈರ್ಯವಾಗಿ! ಆ ಧೈರ್ಯದ ಬಗ್ಗೆ ಒಂದು ಕಥೆ ಇದೆ. ಕೆಲವರು ನನ್ನಿಂದಲೇ ಕೇಳಿರುತ್ತೀರಿ, ಸಹಿಸಿಕೊಳ್ಳಿ.

ಇಂದಿನ ನೆದರ್ಲೆಂಡ್ಸ್ ಕರಾವಳಿಯಲ್ಲಿ ಫ್ರಿಸಿಯನ್ನರು ಎಂಬ ಜನ ಇದ್ದರು. ಅವರ ದೊರೆ ರಾಡ್‌ಬೋಡ್. ಸತ್ತಿದ್ದು 719ರಲ್ಲಿ. ಜೀವನವಿಡೀ ಮಿಷನರಿಗಳ ಜೊತೆ ಹಗ್ಗಜಗ್ಗಾಟ ಆಡಿದವನು. ಕೊನೆಗೊಮ್ಮೆ ಮನಸ್ಸು ಕರಗಿತು. ವುಲ್ಫ್ರಾಮ್ ಎಂಬ ಬಿಷಪ್ ಎದುರು ಕ್ರೈಸ್ತನಾಗಲು ದೀಕ್ಷಾಸ್ನಾನಕ್ಕೆ ಬಂದ. ಒಂದು ಕಾಲನ್ನು ನೀರಿಗೆ ಇಳಿಸಿಯೂ ಆಯಿತು. ಇನ್ನೊಂದು ಕಾಲು ಹೊರಗಿದೆ. ಬಿಷಪ್ ಪ್ರಾಣ ಬಾಯಿಗೆ ಬಂದಿರಬೇಕು ಅಲ್ವಾ? ಇಡೀ ರಾಜ್ಯವೇ ಆ ಇನ್ನೊಂದು ಕಾಲಿನ ಮೇಲೆ ನಿಂತಿದೆ. ಆಗ ರಾಜ ಕೇಳಿದ: "ಸ್ವಾಮಿ, ನನಗಿಂತ ಮೊದಲು ಆಳಿದವರು, ನಮ್ಮ ಹಿರಿಯರು, ಅವರೆಲ್ಲ ಎಲ್ಲಿದ್ದಾರೆ? ನೀವು ಹೇಳುವ ಸ್ವರ್ಗದಲ್ಲೋ, ನರಕದಲ್ಲೋ?"

ಬಿಷಪ್ ಗಿಣಿಪಾಠ ಒಪ್ಪಿಸಿದರು. ದೀಕ್ಷಾಸ್ನಾನ ಆಗದೆ ಸತ್ತವರು, ಆದ್ದರಿಂದ ನರಕದಲ್ಲಿ.

ರಾಜ ಕಾಲು ಹೊರಗೆ ತೆಗೆದ. ನಾಲ್ಕು ಜನ ಬಡವರ ಜೊತೆ ಸ್ವರ್ಗದಲ್ಲಿ ಕೂರುವುದಕ್ಕಿಂತ ನಮ್ಮವರು ಇರುವ ಕಡೆಯೇ ಇರುತ್ತೇನೆ ಅಂದ.

ಈ ಪ್ರಸಂಗ ಬರೆದಿಟ್ಟದ್ದು ಎಷ್ಟೋ ವರ್ಷಗಳ ಮೇಲೆ. ಹೀಗೇ ನಡೆಯಿತು ಅಂತ ಇತಿಹಾಸಕಾರರು ಒಪ್ಪುವುದಿಲ್ಲ. ಬರೆದ ಸನ್ಯಾಸಿಗೆ ರಾಜನ ಮೊಂಡುತನ ತೋರಿಸುವುದಿತ್ತು. ನನಗೆ ಮಾತ್ರ ಪ್ರತಿ ಸಲ ಓದುವಾಗಲೂ ಆ ನೀರು ತೊಟ್ಟಿಕ್ಕುವ ಕಾಲೇ ಕಾಣುತ್ತದೆ. ಬಡವರನ್ನು ಕಂಡರೆ ಆಗದ ಅವನ ಜಂಬ ಬಿಡಿ. ಬಿಷಪ್ 'ಎಲ್ಲಿ' ಎಂಬುದಕ್ಕೆ ಉತ್ತರ ಕೊಟ್ಟರು. ರಾಜ ಕೇಳುತ್ತಿದ್ದದ್ದು 'ಯಾರ ಜೊತೆ' ಎಂದು.

ಇದು ದಂತಕಥೆ ಎಂದು ತಳ್ಳಿಹಾಕಬಹುದು. ಆದರೆ 1552ರಲ್ಲಿ ಮಿಷನರಿ ಫ್ರಾನ್ಸಿಸ್ ಕ್ಸೇವಿಯರ್ ಜಪಾನಿನ ಬಗ್ಗೆ ಬರೆದ ಪತ್ರದಲ್ಲೂ ಇದೇ ಪ್ರಶ್ನೆ ಇದೆ. ಹೊಸದಾಗಿ ಕ್ರೈಸ್ತರಾದವರು ಸತ್ತುಹೋದ ತಂದೆತಾಯಿ, ಹೆಂಡತಿ ಮಕ್ಕಳಿಗಾಗಿ ಅಳುತ್ತಿದ್ದರು. ಪ್ರಾರ್ಥನೆಯಿಂದ, ದಾನದಿಂದ ಅವರನ್ನು ಬಿಡಿಸಲು ಆಗುತ್ತದಾ ಅಂತ ಕೇಳುತ್ತಿದ್ದರು. ಏನೂ ಮಾಡಲಾಗದು ಅಂತ ಕ್ಸೇವಿಯರ್ ಹೇಳಿದರು. ಹೇಳಿದವರಿಗೂ ಆ ಅಳು ನೋಡಿ ಸಂಕಟವಾಯಿತು ಅನ್ನುವುದು ಅದೇ ಪತ್ರದಲ್ಲಿದೆ.

ಬೇರೆ ಉತ್ತರ ಇರಲಿಲ್ಲವಾ? ನಾವೇ ಬಾಯಿಪಾಠ ಮಾಡಿದ ವಿಶ್ವಾಸ ಪ್ರಮಾಣದಲ್ಲಿ, ಸತ್ತ ಕ್ರಿಸ್ತನ ಬಗ್ಗೆ 'ಪಾತಾಳಕ್ಕೆ ಇಳಿದು' ಎಂಬ ಎರಡು ಪದ ಇವೆ. ಗಡಿಬಿಡಿಯಲ್ಲಿ ನುಂಗಿಬಿಡುತ್ತೇವೆ. ಇಸ್ತಾಂಬುಲ್‌ನಲ್ಲಿ ಹಿಂದೆ ಕೋರಾ ಚರ್ಚ್ ಆಗಿದ್ದ, ಈಗ ಮಸೀದಿಯಾಗಿರುವ ಕಟ್ಟಡದಲ್ಲಿ 14ನೇ ಶತಮಾನದ ಒಂದು ಭಿತ್ತಿಚಿತ್ರ ಇದೆ. ಪಾತಾಳದ ಬಾಗಿಲುಗಳು ಮುರಿದು ಕ್ರಿಸ್ತನ ಕಾಲಡಿ ಬಿದ್ದಿವೆ. ಬೀಗ, ಚಿಲಕ ಎಲ್ಲ ಚೆಲ್ಲಾಪಿಲ್ಲಿ. ಒಂದು ಕೈಯಲ್ಲಿ ಆದಾಮ, ಇನ್ನೊಂದರಲ್ಲಿ ಹವ್ವ, ಇಬ್ಬರನ್ನೂ ಸಮಾಧಿಯಿಂದ ಎಳೆಯುತ್ತಿದ್ದಾನೆ. ಹತ್ತಿರದಿಂದ ನೋಡಿ: ಹಸ್ತ ಹಿಡಿದಿಲ್ಲ, ಮಣಿಕಟ್ಟು ಹಿಡಿದಿದ್ದಾನೆ. ಹಸ್ತ ಹಿಡಿದರೆ ಅವರೂ ಹಿಡಿದುಕೊಳ್ಳಬೇಕಾಗುತ್ತಿತ್ತು. ಮುಳುಗುವವನನ್ನು ನಾವು ಎಳೆಯುವುದೂ ಹೀಗೇ ಅಲ್ವಾ? ಅವರಿಗೆ ದೀಕ್ಷಾಸ್ನಾನ ಆಗಿತ್ತಾ ಅಂತ ಚಿತ್ರಕಾರ ಕೇಳಲಿಲ್ಲ.

ಹಾಗಾದರೆ ಎಲ್ಲರೂ ಪಾರಾಗುತ್ತಾರೆ ಅಂತೀರಾ ಎಂದು ಯಾರೋ ಕೇಳೇ ಕೇಳುತ್ತೀರಿ. ಅದನ್ನು ಹೇಳುವ ಅಧಿಕಾರ ನನಗಿಲ್ಲ. ಆದರೆ ಇದನ್ನು ಗಮನಿಸಿ: ಕಥೋಲಿಕ ಸಭೆ ಸಂತರ ಉದ್ದ ಪಟ್ಟಿ ಮಾಡಿದೆ. ನರಕದಲ್ಲಿ ಇಂಥವರಿದ್ದಾರೆ ಎಂದು ಒಬ್ಬರ ಹೆಸರನ್ನೂ ಅಧಿಕೃತವಾಗಿ ಘೋಷಿಸಿಲ್ಲ, ಯೇಸುವನ್ನು ಹಿಡಿದುಕೊಟ್ಟ ಯೂದನದ್ದೂ ಇಲ್ಲ. ಆ ಕೆಲಸವನ್ನು ಸುಮ್ನೆ ನಾವು ಮೈಮೇಲೆ ಹಾಕಿಕೊಂಡಿದ್ದೇವೆ.

ಎರಡನೆಯ ವಿಷಯ, ಗುರುತು ಸಿಗುತ್ತದಾ? ಒಂದು ಸಮಾಧಿ ಪ್ರಾರ್ಥನೆ ಮುಗಿದ ಮೇಲೆ ಒಬ್ಬ ಅಜ್ಜಿ ನನ್ನನ್ನು ಪಕ್ಕಕ್ಕೆ ಕರೆದರು. "ನಮ್ಮ ಯಜಮಾನರು ಹೋದಾಗ ನನಗೆ 26. ಈಗ 81. ಅವರಿಗೆ ನನ್ನ ಗುರುತು ಸಿಗುತ್ತಾ?" ನಾನು ಓದಿದವನು ನೋಡಿ. ಪುನರುತ್ಥಾನದಲ್ಲಿ, ಅಂದರೆ ಸತ್ತವರು ಮತ್ತೆ ಎದ್ದಾಗ, ಮದುವೆ ಇಲ್ಲ, ದೇವದೂತರಂತೆ ಇರುತ್ತಾರೆ ಅಂತ ಯೇಸು ಸದ್ದುಕಾಯರೆಂಬ ಯೆಹೂದಿ ಪಂಗಡದವರಿಗೆ ಹೇಳಿದ ಮಾತು ಹೇಳಿಬಿಟ್ಟೆ. ಅಜ್ಜಿ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. "ಹಾಗಾದ್ರೆ ಅಲ್ಲಿ ನಾನು ಅವರಿಗೆ ಯಾರು?" ನಾನೂ ಆ ಬಿಷಪ್ಪೇ ಆಗಿಬಿಟ್ಟಿದ್ದೆ.

ಮನೆಗೆ ಬಂದು ಯೇಸುವಿನ ಕಥೆ ಹೇಳುವ ಸುವಾರ್ತೆಗಳನ್ನು ಮತ್ತೆ ತೆಗೆದೆ. ಯೇಸುವಿನ ಪುನರುತ್ಥಾನ ಆದ ಮೇಲೆ ಆಪ್ತರಿಗೇ ಅವನ ಗುರುತು ಸಿಗದೆ ಹೋದದ್ದು ಒಂದು ಸಲವಲ್ಲ. ಮಗ್ದಲದ ಮರಿಯಳು ತೋಟದ ಮಾಲಿ ಅಂದುಕೊಂಡಳು. ಎಮ್ಮಾಹು ಎಂಬ ಊರಿನ ದಾರಿಯಲ್ಲಿ ಇಬ್ಬರು ಶಿಷ್ಯರು ಜೊತೆಯಲ್ಲೇ ನಡೆದರೂ ತಿಳಿಯಲಿಲ್ಲ. ಊಟಕ್ಕೆ ಕೂತು ಯೇಸು ರೊಟ್ಟಿ ಮುರಿದಾಗ ಅವರ ಕಣ್ಣು ತೆರೆಯಿತು. ಮರಿಯಳಿಗೆ ತಿಳಿದದ್ದು "ಮರಿಯಾ" ಎಂದು ಕರೆದಾಗ. ಅಂದರೆ ಗುರುತಿಗೆ ಮುಖವೇ ಬೇಕು ಅಂತಿಲ್ಲ. 26 ಆದರೇನು, 81 ಆದರೇನು.

ಗ್ರೀಸಿನ ಥೆಸಲೊನೀಕ ಊರಿನ ಮೊದಲ ಕ್ರೈಸ್ತರಿಗೂ ಸತ್ತವರ ಬಗ್ಗೆ ಇದೇ ಚಿಂತೆ ಇತ್ತು. ಕ್ರಿ.ಶ. 50ರ ಸುಮಾರಿಗೆ ಧರ್ಮಪ್ರಚಾರಕ ಪೌಲ ಬರೆದ ಉತ್ತರದಲ್ಲಿ ಜಾಗದ ವರ್ಣನೆ ಬಹಳ ಕಡಿಮೆ. ಸತ್ತವರು, ನಾವು, ಎಲ್ಲ ಒಟ್ಟಿಗೆ, ಸದಾಕಾಲ ಕರ್ತನ ಜೊತೆ. ನನ್ನ ಹಳೇ ರಾಗವೇ: ಯಾರ ಜೊತೆ. ಪಕ್ಕದ ಶಿಲುಬೆಯ ಕಳ್ಳನಿಗೆ ಯೇಸು 'ಇಂದೇ ನನ್ನ ಸಂಗಡ ಪರದೈಸಿನಲ್ಲಿರುವೆ' ಎಂದದ್ದರಲ್ಲೂ 'ಪರದೈಸು', ಅಂದರೆ ಸ್ವರ್ಗ, ಎಂಬ ಪದ ಹಿಡಿದು ಜಗಳ ಆಡುತ್ತೇವೆ. 'ನನ್ನ ಸಂಗಡ' ಎಂಬುದನ್ನು ಬಿಟ್ಟುಬಿಡುತ್ತೇವೆ.

ಅಧ್ಯಕ್ಷರಿಂದ ಚೀಟಿ ಬಂತು. ಐದು ನಿಮಿಷ ಅಂತ ಬರೆದಿದ್ದಾರೆ, ಅಂದರೆ ಮೂರು.

ಮೂರನೆಯದು ಸತ್ತವರಿಗಾಗಿ ಪ್ರಾರ್ಥನೆ. ಕಥೋಲಿಕರು, ಆರ್ಥೊಡಾಕ್ಸ್‌ನವರು ಮಾಡುತ್ತಾರೆ. ಪ್ರೊಟೆಸ್ಟೆಂಟರಲ್ಲಿ ಹೆಚ್ಚಿನವರು ಬಿಟ್ಟಿದ್ದಾರೆ. ಮಾರ್ಟಿನ್ ಲೂಥರ್ ಎಬ್ಬಿಸಿದ 1517ರ ಜಗಳ ನಿಮಗೆ ಗೊತ್ತೇ ಇದೆ, ಪಾಪಕ್ಷಮೆ ಪತ್ರ, ದುಡ್ಡು, ಅದೆಲ್ಲ ಇವತ್ತು ಬೇಡ. 387ರಲ್ಲಿ ರೋಮಿನ ಬಂದರು ಒಸ್ತಿಯಾದಲ್ಲಿ ಸಂತ ಅಗಸ್ಟೀನನ ತಾಯಿ ಮೋನಿಕಾ ತೀರಿಕೊಂಡಳು. ನನ್ನ ದೇಹ ಎಲ್ಲಿ ಬೇಕಾದರೂ ಹೂಳಿ, ಕರ್ತನ ಪೀಠದ ಬಳಿ ನನ್ನನ್ನು ನೆನೆಯಿರಿ ಅಂದಿದ್ದಳು. ಮಗ ಅಳು ತಡೆದುಕೊಂಡ. ಸ್ನಾನ ಮಾಡಿದರೆ ದುಃಖ ಹೋಗುತ್ತದೆ ಅಂತ ಯಾರೋ ಹೇಳಿದ್ದು ಕೇಳಿ ಸ್ನಾನವನ್ನೂ ಮಾಡಿದ. ಹೋಗಲಿಲ್ಲ. ನಿದ್ದೆ ಮಾಡಿ ಎದ್ದು, ಒಬ್ಬನೇ ಇದ್ದಾಗ ಅತ್ತ. ಇದರ ಬಗ್ಗೆ ಇನ್ನೂ ಅರ್ಧ ಗಂಟೆ ಇತ್ತು, ಬಿಡಿ.

ಆ ಅಜ್ಜಿ? ಮುಂದಿನ ವಾರ ಹೋಗಿ ಮರಿಯಳ ಕಥೆ ಹೇಳಿದೆ. ಹೆಸರು ಹಿಡಿದು ಕರೆದಾಗ ತಿಳಿಯಿತಂತೆ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. "ಅವರು ನನ್ನನ್ನು ಬೇರೆ ಹೆಸರಲ್ಲಿ ಕರೀತಿದ್ರು. ಅದು ಮಕ್ಕಳಿಗೂ ಗೊತ್ತಿಲ್ಲ" ಅಂದರು. ಏನು ಅಂತ ಕೇಳಿದೆ. ನಕ್ಕರು, ಹೇಳಲಿಲ್ಲ.