ಆ ಒಂದು ತಾಸು ಹಾಪ್ಸಿಂದು, ಮಾಲ್ಟಿಂದಲ್ಲ

ನಮಸ್ಕಾರ್ರೀ. ದಾವಣಗೆರೆಯಿಂದ ಮಾತಾಡ್ತಿದೀನಿ. ಹಿಂದೆ ಕುಕ್ಕರ್ ಕೂಗಿದ್ರೆ ಬೇಜಾರಾಗಬ್ಯಾಡ್ರಿ, ಅಡುಗೆಮನೆ ಪಕ್ಕದ ರೂಮೇ ನಮ್ಮ ಸ್ಟುಡಿಯೋ.

ಹೋದ ವಾರ ಬೆಳಗ್ಗೆ ಆರೂವರೆಗೆ ಅಕ್ಕನ ಮಗ ಶಿಕಾಗೋದಿಂದ ವಿಡಿಯೋ ಕಾಲ್ ಮಾಡಿದ. ಅಲ್ಲಿ ರಾತ್ರಿ ಎಂಟು. ಸ್ಟೌ ಮೇಲೆ ದೊಡ್ಡ ಪಾತ್ರೆ, ಕೈಯಾಗೆ ಮಾಲ್ಟ್ ಎಕ್ಸ್‌ಟ್ರ್ಯಾಕ್ಟ್ ಡಬ್ಬಿ. ಮೊದಲನೇ ಸಲ ಬಿಯರ್ ಮಾಡ್ತಿದಾನೆ. "ಮಾಮ, ಎಲ್ಲಾ ಸುರಿದು ಒಂದು ತಾಸು ಕುದಿಸು ಅಂತ ಕಿಟ್‌ನಾಗೆ ಬರ್ದಾರೆ. ಸುರೀಲಾ?" ಅಂದ. "ಏಯ್, ತಡಿಯೋ!" ಅಂತ ನಾನು ಕೂಗಿದ ಜೋರಿಗೆ, ಹಾಲು ತರಾಕೆ ಹೊಂಟಿದ್ದ ನಮ್ಮನೆಯವರು ಬಾಗಿಲಲ್ಲೇ ನಿಂತುಬಿಟ್ರು.

ಮುಂದೆ ಹೋಗೋಕೆ ಮುಂಚೆ ಒಂದು ಮಾತು. ಇದನ್ನ ಕೇಳಿ ಯಾರೂ ಇಲ್ಲಿ ಒಲೆ ಹಚ್ಚಬ್ಯಾಡ್ರಿ. 1965ರ ಕರ್ನಾಟಕ ಅಬಕಾರಿ ಕಾಯ್ದೆ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸೋ ಹಂಗಿಲ್ಲ, ಮನೇಲಿ ಕುಡಿಯೋಕೆ ಅಂದ್ರೂ ಇಲ್ಲ. ಅಮೆರಿಕದಾಗೆ 1978ರಲ್ಲಿ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನು ಐತೆ: ವಯಸ್ಸಿಗೆ ಬಂದವರು ವರ್ಷಕ್ಕೆ 100 ಗ್ಯಾಲನ್, ಅಂದ್ರೆ ಸುಮಾರು 378 ಲೀಟರ್ ಬಿಯರ್ ಮನೇಲಿ ತೆರಿಗೆ ಕಟ್ಟದೆ ಮಾಡ್ಕೋಬಹುದು. ಮಿಲ್ವಾಕಿಯಲ್ಲಿ ಇದ್ದ ಆರು ವರ್ಷ ನಾನು ಮಾಡಿದ್ದು ಆ ಲೆಕ್ಕದಾಗೆ. ಊರಿಗೆ ಬಂದ ಮೇಲೆ ನಾನು ಹುಳಿ ಬರಿಸೋದು ದೋಸೆ ಹಿಟ್ಟು ಒಂದನ್ನೇ.

ಈಗ ಆ ಕಿಟ್ ಮೇಲಿನ ಬರಹಕ್ಕೆ ಬರ್ತೀನಿ. ನನ್ನ ಪ್ರಕಾರ ಅದು ತಪ್ಪು. ತಪ್ಪು ಅಂದ್ರೆ, ಬಿಯರ್ ಆಗ್ತೈತೆ, ಆದ್ರೆ ಇರಬೇಕಾದಂಗೆ ಇರಲ್ಲ.

ಎಕ್ಸ್‌ಟ್ರ್ಯಾಕ್ಟ್ ಅಂದ್ರೆ ಏನು? ಮೊಳಕೆ ಬರಿಸಿ ಒಣಗಿಸಿದ ಬಾರ್ಲಿನ ಬಿಸಿನೀರಲ್ಲಿ ನೆನೆಸಿ, ಅದರ ಪಿಷ್ಟ ಸಕ್ಕರೆ ಆದ ಮೇಲೆ ಸೋಸಿ, ನೀರು ಇಂಗಿಸಿ ಡಬ್ಬಿಗೆ ತುಂಬಿರ್ತಾರೆ. ಈ ಅಂಟು ಪಾಕದಾಗೆ ಉಳಿದಿರೋ ನೀರು ಶೇಕಡಾ 20ರಷ್ಟು. ಅಂದ್ರೆ ಕೆಲಸ ಎಲ್ಲಾ ಫ್ಯಾಕ್ಟರಿಯಲ್ಲೇ ಮುಗಿದೈತೆ. ಅದಕ್ಕೆ ಬೇಕಾಗಿರೋದು ಕ್ರಿಮಿ ಸಾಯೋಷ್ಟು ಕುದಿ, ಹದಿನೈದು ನಿಮಿಷ ಸಾಕು. ಒಂದು ತಾಸು ಬೇಕಾಗಿರೋದು ಬಿಯರಿಗೆ ಕಹಿ ಕೊಡೋ ಹೂವಾದ ಹಾಪ್ಸ್‌ಗೆ. ಅದರೊಳಗಿನ ಆಲ್ಫಾ ಆಮ್ಲ ಕುದ್ದು ರೂಪ ಬದಲಾದ್ರೇನೇ ಕಹಿ ನೀರಿಗೆ ಇಳಿಯೋದು.

ನಮ್ಮ ಹೆಣ್ಣುಮಕ್ಕಳಿಗೆ ಇದನ್ನ ಬಿಡಿಸಿ ಹೇಳೋದೇ ಬ್ಯಾಡ. ಪಾಯಸಕ್ಕೆ ಬೆಲ್ಲ ಯಾವಾಗ ಹಾಕ್ತಾರೆ? ಬೇಳೆ ಬೆಂದ ಮೇಲೆ. ಮುಂಚೆನೇ ಹಾಕಿದ್ರೆ ಬೇಳೆ ಗಟ್ಟಿಯಾಗೇ ಉಳೀತೈತೆ. ಇಲ್ಲೂ ಹಂಗೇ, ಸಿಹಿ ಜಾಸ್ತಿ ಆದ ನೀರಿಗೆ ಕಹಿ ಸರಿಯಾಗಿ ಇಳಿಯಲ್ಲ. ನಮ್ಮ ಹುಡುಗಂದು 20 ಲೀಟರ್ ಬಿಯರ್, 3 ಕೆ.ಜಿ. ಎಕ್ಸ್‌ಟ್ರ್ಯಾಕ್ಟ್. 20 ಲೀಟರ್‌ನಾಗೆ ಕರಗಿಸಿದ್ರೆ ಗ್ರಾವಿಟಿ, ಅಂದ್ರೆ ನೀರಿಗಿಂತ ಎಷ್ಟು ಸಾಂದ್ರ ಅನ್ನೋ ಲೆಕ್ಕ, 1.045 ಬರ್ತೈತೆ. ಆದ್ರೆ ಅವನ ಪಾತ್ರೆ ಹಿಡಿಯೋದು 10 ಲೀಟರ್, ಉಳಿದ ನೀರು ಆಮೇಲೆ ಸೇರಿಸಬೇಕು. ಎಲ್ಲಾ ಒಂದೇ ಸಲ ಸುರಿದ್ರೆ ಕುದಿಯೋ ಪಾತ್ರೆಯಲ್ಲಿ 1.090. ಕಹಿ ಎಷ್ಟು ಇಳೀತೈತೆ ಅಂತ ಲೆಕ್ಕ ಹಾಕೋ ಗ್ಲೆನ್ ಟಿನ್ಸೆತ್ ಅವರ ಸೂತ್ರಕ್ಕೆ ಈ ಎರಡು ಅಂಕಿ ಹಾಕಿ ನೋಡ್ರಿ, ಕಹಿ ಮೂರರಲ್ಲಿ ಒಂದು ಪಾಲು ಖೋತಾ. ಸಾಲದ್ದಕ್ಕೆ ಬಣ್ಣ ಕಪ್ಪಗಾಗ್ತೈತೆ. ಬಂಗಾರದ ಬಣ್ಣದ ಬಿಯರ್ ಮಾಡಾಕೆ ಹೋಗಿ ಕಾಫಿ ಡಿಕಾಕ್ಷನ್ ಆಗ್ತೈತೆ. ಸ್ಟೌಟ್ ಅನ್ನೋ ಕಪ್ಪು ಬಿಯರ್ ಮಾಡೋರಿಗೆ ಬಣ್ಣದ ಚಿಂತೆ ಇಲ್ಲ, ಅವರು ನನ್ನ ಮಾತು ಬಿಟ್ಟಾಕಿ.

ಹಂಗಾಗಿ ನಾನು ಮಾಡ್ತಿದ್ದದ್ದು: ಪಾಕದಾಗೆ ಕಾಲು ಭಾಗ ಮೊದಲಿಗೆ, ಮುಕ್ಕಾಲು ಭಾಗ ಕೊನೇ ಹದಿನೈದು ನಿಮಿಷಕ್ಕೆ. ಕಿಟ್ಟಿನ ಹಾಪ್ಸ್ ಅಷ್ಟನ್ನೂ ಹಾಕಬ್ಯಾಡ್ರಿ ಮತ್ತೆ, ಕಹಿ ಏರಿರ್ತೈತೆ. ಸುರಿಯೋವಾಗ ಉರಿ ಆರಿಸಬೇಕು. ಇದನ್ನ ನಾನು ಕಲಿತಿದ್ದು ಮೊದಲ ಸಲ ಆರಿಸದೆ ಸುರಿದು. ಪಾಕ ಸೀದಾ ತಳಕ್ಕೆ ಹೋಗಿ ಕೂತ್ಕೊಂಡು ಹತ್ತಿತು. ನಮ್ಮೂರ ಮಂಡಕ್ಕಿ ಭಟ್ಟಿ ಕಡೆ ಓಡಾಡಿದೋರಿಗೆ ಗೊತ್ತು, ಕಾದ ಮರಳಲ್ಲಿ ಅಕ್ಕಿ ಒಂದು ಗಳಿಗೆ ಜಾಸ್ತಿ ಉಳಿದ್ರೆ ಎಂಥಾ ವಾಸನೆ ಅಂತ. ಆ ವಾಸನೆ ಮಿಲ್ವಾಕಿ ಅಪಾರ್ಟ್‌ಮೆಂಟ್ ತುಂಬಾ. ಎರಡು ದಿನ ಸ್ಟೀಲ್ ನಾರು ಹಿಡ್ಕೊಂಡು ತಳ ಉಜ್ಜಿದೀನಿ.

ಇನ್ನು ಈಸ್ಟ್. ನಮ್ಮ ಹುಡುಗ್ರು ಹಾಪ್ಸ್ ಬಗ್ಗೆ ತಾಸುಗಟ್ಟಲೆ ಕೊರೀತಾರೆ, ಈಸ್ಟ್ ಮಾತ್ರ ಪ್ಯಾಕೆಟ್ ಹರಿದು ಉದುರಿಸೋದು. ಬವೇರಿಯಾದ 1516ರ ಕಟ್ಟಳೆಯಲ್ಲೂ ಬಾರ್ಲಿ, ಹಾಪ್ಸ್, ನೀರು ಅಷ್ಟೇ ಇರೋದು, ಈಸ್ಟಿನ ಹೆಸರೇ ಇಲ್ಲ. ಪಾಪ, ಅದು ಜೀವ ಇರೋ ವಸ್ತು ಅಂತ ಅವರಿಗೆ ಗೊತ್ತಿರಲಿಲ್ಲ. ನಿಮಗೆ ಗೊತ್ತೈತಲ್ಲ!

ಹಾಲಿಗೆ ಹೆಪ್ಪು ಹಾಕೋವಾಗ ಬೆರಳು ಅದ್ದಿ ನೋಡ್ತೀವಲ್ಲ, ಅಷ್ಟು ಗಮನ ಇಲ್ಲೂ ಇರಲಿ. ಒಣ ಈಸ್ಟ್ ಆದ್ರೆ 11 ಗ್ರಾಂ ಪ್ಯಾಕೆಟ್‌ಗೆ ಹತ್ತರಷ್ಟು, ಅಂದ್ರೆ 110 ಮಿ.ಲೀ. ನೀರು, ಕುದಿಸಿ 30ರಿಂದ 35 ಡಿಗ್ರಿಗೆ ಆರಿಸಿದ್ದು. ಮೇಲೆ ಉದುರಿಸಿ ಹದಿನೈದು ನಿಮಿಷ ಸುಮ್ಮನೆ ಬಿಡಬೇಕು. ಸಕ್ಕರೆ ನೀರಲ್ಲಿ ನೆನೆಸಬ್ಯಾಡ್ರಿ. ಒಣಗಿದ ಕೋಶದ ಪೊರೆಗೆ ಮೊದಲ ಕೆಲವು ನಿಮಿಷ ಏನು ಒಳಗೆ ಬಿಡಬೇಕು, ಏನು ಬಿಡಬಾರದು ಅನ್ನೋ ಹಿಡಿತ ಇರಲ್ಲ. ನೇರವಾಗಿ ಉದುರಿಸಿದ್ರೂ ನಡೀತೈತೆ ಅಂತ ಈಗ ತಯಾರಕರೇ ಹೇಳ್ತಾರೆ, ಹೊಸ ಪ್ಯಾಕೆಟ್ ಆದ್ರೆ ನಾನೂ ಜಗಳ ಮಾಡಲ್ಲ. ಆದ್ರೆ ಒಣ ಈಸ್ಟ್‌ಗೆ ಸ್ಟಾರ್ಟರ್, ಅಂದ್ರೆ ಮುಂಚೆನೇ ಜಾಡಿಯಲ್ಲಿ ಈಸ್ಟ್ ಬೆಳೆಸ್ಕೊಳ್ಳೋದು, ದಂಡ, ಸುಮ್ಮನೆ ಇನ್ನೊಂದು ಪ್ಯಾಕೆಟ್ ಹಾಕ್ರಿ.

ಸ್ಟಾರ್ಟರ್ ಬೇಕಾಗೋದು ದ್ರವ ಈಸ್ಟ್‌ಗೆ. ಈ 20 ಲೀಟರ್ ಏಲ್ ಅನ್ನೋ ಬಗೆಯ ಬಿಯರ್‌ಗೆ ಸುಮಾರು 17 ಸಾವಿರ ಕೋಟಿ ಕೋಶ ಬೇಕು. ತಾಜಾ ಪ್ಯಾಕೆಟ್‌ನಾಗೆ ಇರೋದು ಸುಮಾರು 10 ಸಾವಿರ ಕೋಟಿ, ದಿನ ಕಳೆದಂಗೆ ಅದೂ ಕರಗ್ತೈತೆ. ನನಗೆ ಒಬ್ಬ ಅಂಗಡಿಯವನು ತಾರೀಕು ಮುಗಿದಿದ್ದನ್ನೇ ಕೊಟ್ಟಿದ್ದ. ಮೂರು ದಿನ ಬಕೆಟ್ ಮುಂದೆ ಕೂತೆ, ಒಂದು ಗುಳ್ಳೆ ಬರಲಿಲ್ಲ. ಆಮೇಲಿಂದ ಭಾನುವಾರ ಬಿಯರ್ ಅಂದ್ರೆ ಶುಕ್ರವಾರ ಸಂಜೆನೇ ಒಂದು ಲೀಟರ್ ನೀರಿಗೆ 100 ಗ್ರಾಂ ಒಣ ಎಕ್ಸ್‌ಟ್ರ್ಯಾಕ್ಟ್ ಹಾಕಿ ಕುದಿಸಿ, ಆರಿಸಿ, ಈಸ್ಟ್ ಬಿಟ್ಟು, ಹೋಗ್ತಾ ಬರ್ತಾ ಆ ಜಾಡಿ ಕುಲುಕ್ತಿದ್ದೆ. ದೋಸೆ ಹಿಟ್ಟಿನಂಗೆ ನೊರೆ ಕಟ್ಟಿದ್ರೆ ಜೀವ ಐತೆ ಅಂತ ಲೆಕ್ಕ.

ಅಕ್ಕನ ಮಗ ಹೇಳಿದಂಗೇ ಮಾಡಿದ. ಪಾತ್ರೆ ತಳದ ಫೋಟೋ ಕಳಿಸಿದ್ದ, ಫಳಫಳ ಅಂತಿತ್ತು. ಮರುದಿನ ಮತ್ತೆ ಆರೂವರೆಗೆ ಫೋನು.

"ಮಾಮ, ನೊರೆ ಬಕೆಟ್ಟಿನ ಮುಚ್ಚಳಾನೇ ಎತ್ತೈತೆ. ಗೋಡೆ ಎಲ್ಲಾ ಆಗೈತೆ!"

"ನೊರೆ ಹೊರಗೆ ಹೋಗಾಕೆ ಪೈಪ್ ಹಾಕಿಲ್ವೇನೋ?"

"ನೀವು ಹೇಳಲೇ ಇಲ್ಲ."

ಹೌದು, ಹೇಳೋದು ಮರೆತಿದ್ದೆ.