ರೇಟು ಕೇಳುವ ಮೊದಲೇ ಉಳಿಯುವ ದುಡ್ಡು

ಎಲ್ಲರಿಗೂ ನಮಸ್ಕಾರ. ವ್ಯಾಪಾರದ ಹೊತ್ತಿನಲ್ಲಿ ಅಂಗಡಿ ಬಿಟ್ಟು ಬಂದಿದ್ದೀರಿ. ಹಾಗಾಗಿ ಪೀಠಿಕೆ ಬಿಟ್ಟು ವಿಷಯಕ್ಕೇ ಬರುತ್ತೇನೆ.

ದೀಪಾವಳಿ ಹತ್ತಿರ ಬಂತೆಂದರೆ ಹುಬ್ಬಳ್ಳಿಯ ಪೇಟೆಯಲ್ಲಿ ಎಲ್ಲರಿಗೂ ಒಂದೇ ಗಡಿಬಿಡಿ. ಗಿರಾಕಿಗಳಿಗೆ ಹಂಚಲು ಅಂಗಡಿಯ ಹೆಸರು ಹಾಕಿಸಿದ ಚೀಲ ಬೇಕು, ಪೆನ್ ಬೇಕು, ಕ್ಯಾಲೆಂಡರ್ ಇನ್ನೂ ಹೇಳಿಲ್ಲ. ನಾಲ್ಕು ಕಡೆ ಫೋನ್ ಮಾಡುತ್ತೇವೆ, ಚೌಕಾಶಿ ಮಾಡುತ್ತೇವೆ. ಚೀಲಕ್ಕೆ ಎಂಟಾಣೆ ಇಳಿಸಿದರೆ ಗೆದ್ದಂತೆ ಖುಷಿ. ಆದರೆ ಅಷ್ಟು ಹೊತ್ತಿಗೆ ಖರ್ಚಿನ ದೊಡ್ಡ ಪಾಲು ಆಗಲೇ ನಿಗದಿಯಾಗಿರುತ್ತದೆ. ಯಾವ ವಸ್ತು, ಎಷ್ಟು ಬಣ್ಣ, ಎಷ್ಟು ನಗ, ಯಾವ ತಾರೀಖಿಗೆ ಅಂತ ನಾವೇ ಹೇಳಿಬಿಟ್ಟಿರುತ್ತೇವಲ್ಲ, ಅಲ್ಲೇ.

ಬಟ್ಟೆ ಚೀಲವನ್ನೇ ತಗೊಳ್ಳಿ. ಸ್ಕ್ರೀನ್ ಪ್ರಿಂಟಿಂಗ್ ಮಾಡುವವರ ಹತ್ತಿರ ಒಂದರ್ಧ ಗಂಟೆ ನಿಂತು ನೋಡಿ. ಚೌಕಟ್ಟಿಗೆ ತೆಳ್ಳನೆ ಜಾಲರಿ ಬಿಗಿದಿರುತ್ತಾರೆ. ನಿಮ್ಮ ಹೆಸರಿನ ಅಕ್ಷರ ಇರುವಲ್ಲಿ ಮಾತ್ರ ಜಾಲರಿ ತೆರೆದಿರುತ್ತದೆ, ಉಳಿದದ್ದೆಲ್ಲ ಮುಚ್ಚಿರುತ್ತದೆ. ಚೀಲದ ಮೇಲೆ ಅದನ್ನಿಟ್ಟು, ಇಂಕು ಹಾಕಿ, ರಬ್ಬರ್ ಪಟ್ಟಿಯಿಂದ ಎಳೆದರೆ ಒಂದು ಬಣ್ಣ ಮುಗಿಯಿತು. ಎರಡನೇ ಬಣ್ಣಕ್ಕೆ ಎರಡನೇ ಚೌಕಟ್ಟು. ಮೊದಲನೆಯದು ಒಣಗಬೇಕು, ಚೀಲ ಕೂದಲೆಳೆಯಷ್ಟೂ ಸರಿಯದೆ ಅದೇ ಜಾಗದಲ್ಲಿ ಕೂರಬೇಕು, ಮತ್ತೆ ಎಳೆಯಬೇಕು. ಬಣ್ಣ ಹೆಚ್ಚಿದಂತೆ ಚೌಕಟ್ಟೂ ಹೆಚ್ಚು, ಕೂಲಿಯೂ ಹೆಚ್ಚು, ಕೆಡುವ ಚೀಲವೂ ಹೆಚ್ಚು.

ಬರೀ ಲೆಕ್ಕಕ್ಕೆ ಒಂದು ಚೌಕಟ್ಟಿಗೆ 600 ರೂಪಾಯಿ ಅಂತ ಹಿಡಿಯೋಣ. ಮೂರು ಬಣ್ಣಕ್ಕೆ 1,800. ನೂರು ಚೀಲ ಮಾಡಿಸಿದರೆ ಒಂದೊಂದರ ತಲೆಗೆ 18 ರೂಪಾಯಿ ಬಿತ್ತು. ಚೀಲದ ಬೆಲೆ, ಎಳೆಯುವ ಕೂಲಿ ಬೇರೆ. ಅದೇ ನೂರು ಚೀಲ ಒಂದೇ ಬಣ್ಣದಲ್ಲಾದರೆ 6 ರೂಪಾಯಿ. ಒಂದೇ ಬಣ್ಣದಲ್ಲಿ ಸಾವಿರ ಮಾಡಿಸಿದರೆ 60 ಪೈಸೆ. ಇಷ್ಟನ್ನು ಯಾವ ಚೌಕಾಶಿಯೂ ಉಳಿಸಿಕೊಡುವುದಿಲ್ಲ. ಒಂದೇ ಬಣ್ಣ ಬೋಳು ಬೋಳಾಗಿ ಕಾಣುತ್ತದೆ ಅನ್ನುವವರು ಬಣ್ಣದ ಬಟ್ಟೆ ಆರಿಸಿಕೊಳ್ಳಿ. ಕಡುಗೆಂಪು ಬಟ್ಟೆಯ ಮೇಲೆ ಬಿಳಿ ಅಕ್ಷರ ನೋಡಿ, ಎದ್ದು ಕಾಣುತ್ತದೆ. ಚೌಕಟ್ಟು ಒಂದೇ.

ಈ ಲೆಕ್ಕ ಎಲ್ಲ ಕಡೆಗೂ ನಡೆಯುವುದಿಲ್ಲ, ಅದನ್ನೂ ಹೇಳಬೇಕು. ಮಗ್ ಮೇಲೆ ಹಾಕುವುದು ಸಬ್ಲಿಮೇಷನ್. ಹಾಳೆಯ ಮೇಲೆ ಮುದ್ರಿಸಿ, ಶಾಖ ಕೊಟ್ಟು ಮಗ್ ಮೇಲೆ ಇಳಿಸುತ್ತಾರೆ. ಅಲ್ಲಿ ಒಂದು ಬಣ್ಣಕ್ಕೂ ಬಣ್ಣದ ಫೋಟೋಗೂ ಖರ್ಚು ಹೆಚ್ಚುಕಡಿಮೆ ಒಂದೇ. ಟೀ ಶರ್ಟಿಗೆ ಬರುವ ಡಿಟಿಎಫ್, ಅಂದರೆ ಫಿಲ್ಮಿನ ಮೇಲೆ ಮುದ್ರಿಸಿ ಶಾಖದಿಂದ ಬಟ್ಟೆಗೆ ಅಂಟಿಸುವುದು, ಅದೂ ಹಾಗೇ. ಇಪ್ಪತ್ತೈದು ಟೀ ಶರ್ಟ್ ಸಾಕು ಅಂದರೆ ಡಿಟಿಎಫ್, ಐನೂರು ಅಂದರೆ ಸ್ಕ್ರೀನ್. ಕಸೂತಿಯ ಲೋಗೋಗೆ ಹೊಲಿಗೆ ಎಣಿಸಿ ದುಡ್ಡು ತಗೊಳ್ಳುತ್ತಾರೆ. ತುಂಬಿದ ದೊಡ್ಡ ಲೋಗೋ ಬದಲು ಎದೆಯ ಮೇಲೆ ಬರೀ ಹೆಸರು ಹಾಕಿಸಿದರೆ ಅಗ್ಗ, ನೋಡಲಿಕ್ಕೂ ಚೆಂದ. ಕಸೂತಿಗೆ ಕಂಪ್ಯೂಟರ್ ಫೈಲ್ ಮಾಡಿದ್ದಕ್ಕೆ ಒಮ್ಮೆ ದುಡ್ಡು ಕೊಟ್ಟಿರುತ್ತೀರಿ. ಆ ಫೈಲನ್ನು ಪೆನ್ ಡ್ರೈವಿಗೆ ಹಾಕಿಸಿಕೊಂಡು ಬನ್ನಿ. ಮುಂದಿನ ವರ್ಷ ಅದಕ್ಕೇ ಮತ್ತೊಮ್ಮೆ ದುಡ್ಡು ಯಾಕೆ?

ಸಾವಿರ ಮಾಡಿಸಿದರೆ ಅಗ್ಗ ಅಂದೆ. ಹಾಗಂತ ಮುನ್ನೂರು ಬೇಕಾದವರು ಸಾವಿರ ಮಾಡಿಸಿ ಏಳುನೂರು ಅಟ್ಟದ ಮೇಲೆ ಇಟ್ಟರೆ ಅದು ಉಳಿತಾಯ ಅಲ್ಲ, ಅಲ್ವಾ? ಆದರೆ ಉಳಿದ ಮಾಲು ಹಾಳಾಗುವುದಕ್ಕೆ ಕಾರಣ ಸಾಮಾನ್ಯವಾಗಿ ನಾವೇ ಹಾಕಿಸಿದ ಅಕ್ಷರ. ‘ದೀಪಾವಳಿಯ ಶುಭಾಶಯಗಳು’, ಇಸವಿ, ‘25ನೇ ವರ್ಷದ ಸಂಭ್ರಮ’. ಹಬ್ಬ ಮುಗಿದ ಮರುದಿನ ಆ ಚೀಲ ಹಳೆಯದಾಯಿತು. ಬರೀ ಹೆಸರು, ಊರು, ಬದಲಾಗದ ಒಂದು ಫೋನ್ ನಂಬರ್ ಹಾಕಿಸಿ. ಯುಗಾದಿಗೂ ನಡೆಯುತ್ತದೆ, ಅಂಗಡಿಯ ಪೂಜೆಗೂ ನಡೆಯುತ್ತದೆ. ಶುಭಾಶಯ ಬೇಕೇ ಬೇಕು ಅಂದರೆ ಒಂದು ಕಾಗದದ ಚೀಟಿ ಒಳಗೆ ಹಾಕಿದರೆ ಸಾಕು.

ಸಣ್ಣ ವ್ಯಾಪಾರಿಗಳಿಗೆ ಇನ್ನೊಂದು ದಾರಿ ಇದೆ. ಇದನ್ನು ನಮ್ಮಲ್ಲಿ ಯಾಕೋ ಯಾರೂ ಮಾಡುವುದಿಲ್ಲ. ದುರ್ಗದಬೈಲಿನ ಒಂದೇ ಓಣಿಯ ಐದು ಅಂಗಡಿಯವರು ಸೇರಿ ಖಾಲಿ ಚೀಲವನ್ನು ಒಟ್ಟಿಗೆ ತರಿಸಿ. ಸಗಟು ದರ ಸಿಗುತ್ತದೆ, ಲಾರಿ ಬಾಡಿಗೆಯೂ ಹಂಚಿಹೋಗುತ್ತದೆ. ಹೆಸರು ಮಾತ್ರ ಅವರವರದು ಹಾಕಿಸಿಕೊಳ್ಳಿ. ವಿಸಿಟಿಂಗ್ ಕಾರ್ಡ್ ಅಷ್ಟು ಅಗ್ಗ ಯಾಕೆ ಗೊತ್ತಾ? ಪ್ರೆಸ್ಸಿನವರು ಹತ್ತಾರು ಜನರ ಕಾರ್ಡನ್ನು ಒಂದೇ ದೊಡ್ಡ ಹಾಳೆಯಲ್ಲಿ ಕೂರಿಸಿ ಹೊಡೆಯುತ್ತಾರೆ. ಪ್ಲೇಟಿನ ಖರ್ಚು ಎಲ್ಲರಿಗೂ ಹಂಚಿಹೋಗುತ್ತದೆ. ಅದೇ ಉಪಾಯ ಇದು. ಪಕ್ಕದ ಅಂಗಡಿಯವನ ಜೊತೆ ಪೈಪೋಟಿ ಇರಲಿ, ಬೇಡ ಅನ್ನುವುದಿಲ್ಲ. ಚೀಲದ ಬಟ್ಟೆಯಲ್ಲಿ ಬೇಡ.

ಈಗ ಕನ್ನಡ ಅಕ್ಷರದ ವಿಷಯ. ಇದನ್ನು ಸುಮ್ನೆ ಹೇಳುತ್ತಿಲ್ಲ, ದುಡ್ಡು ಹೋಗುವುದು ಇಲ್ಲೇ ಜಾಸ್ತಿ. ನೀವು ಮೊಬೈಲಿನಲ್ಲಿ ಟೈಪ್ ಮಾಡುವುದು ಯುನಿಕೋಡ್. ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸುವ ಡಿಟಿಪಿಯವರು ಕೋರೆಲ್‌ಡ್ರಾ ಅನ್ನುವ ಸಾಫ್ಟ್‌ವೇರಿನಲ್ಲಿ ಯುನಿಕೋಡ್ ಅಲ್ಲದ ಹಳೆಯ ನುಡಿ ಫಾಂಟ್ ಬಳಸುತ್ತಿದ್ದರೆ, ಅಲ್ಲಿಂದಿಲ್ಲಿಗೆ ಬರುವಾಗ ಒತ್ತಕ್ಷರ ಕಳಚಿ ಪಕ್ಕಕ್ಕೆ ಬೀಳುತ್ತದೆ. ‘ಹುಬ್ಬಳ್ಳಿ’ ಅಂತ ಬರೆಯುವುದರಲ್ಲೇ ಎರಡು ಒತ್ತು ಇವೆ! ಇನ್ನು ಆ ಫೈಲು ಮುದ್ರಣಕ್ಕೆ ತಮಿಳುನಾಡಿನ ತಿರುಪ್ಪೂರಿಗೋ ಶಿವಕಾಶಿಗೋ ಹೋದರೆ ಅಲ್ಲಿ ಕನ್ನಡ ಓದುವವರು ಇರುತ್ತಾರೆ ಅಂತ ನಂಬುವ ಹಾಗಿಲ್ಲ. ಆದ್ದರಿಂದ ಅಕ್ಷರವನ್ನೆಲ್ಲ ಕರ್ವ್ ಮಾಡಿ ಕಳಿಸಲು ಹೇಳಿ. ಆಗ ಅಕ್ಷರ ಚಿತ್ರವಾಗಿಬಿಡುತ್ತದೆ, ಯಾವ ಕಂಪ್ಯೂಟರಿನಲ್ಲೂ ಒಡೆಯುವುದಿಲ್ಲ. ಪ್ರೂಫನ್ನು ಕಾಗದದ ಮೇಲೆ ತೆಗೆಸಿ, ಫೋನ್ ನಂಬರನ್ನು ಒಂದೊಂದೇ ಅಂಕಿ ಓದಿ, ಆಮೇಲೆ ಸಹಿ ಹಾಕಿ. ವಾಟ್ಸಾಪಿನಲ್ಲಿ ಬಂದ ಚಿತ್ರಕ್ಕೆ ಹೆಬ್ಬೆರಳು ಒತ್ತಿ ಓಕೆ ಅಂದರೆ, ತಪ್ಪು ಮುದ್ರಣದ ಖರ್ಚು ನಿಮ್ಮ ತಲೆಗೇ. ಮುದ್ರಣಕ್ಕೆ ಹೆಸರಾದ ಗದಗ ಕೂಗಳತೆಯಲ್ಲೇ ಇದೆ. ಕನ್ನಡ ಜಾಸ್ತಿ ಇರುವ ಕೆಲಸಕ್ಕೆ ನಾಲ್ಕು ಕಾಸು ಹೆಚ್ಚಾದರೂ ಅಲ್ಲಿ ಮಾಡಿಸುವುದು ಲೇಸು.

ತೆರಿಗೆಯನ್ನು ಬೇಗ ಮುಗಿಸುತ್ತೇನೆ. ಪುಕ್ಕಟೆ ಹಂಚಿದ ವಸ್ತುವಿಗೆ ನೀವು ಕಟ್ಟಿದ ಜಿಎಸ್‌ಟಿಗೆ ಇನ್‌ಪುಟ್ ಕ್ರೆಡಿಟ್ ಸಿಗುವುದಿಲ್ಲ, ಅಂದರೆ ಅದನ್ನು ನಿಮ್ಮ ಮಾರಾಟದ ತೆರಿಗೆಯಲ್ಲಿ ಕಳೆದುಕೊಳ್ಳುವ ಹಾಗಿಲ್ಲ. ಕೇಂದ್ರದ ಜಿಎಸ್‌ಟಿ (ಸಿಜಿಎಸ್‌ಟಿ) ಕಾಯ್ದೆಯ 17(5)ನೇ ಕಲಮಿನಲ್ಲೇ ಹಾಗಿದೆ. ಆದ್ದರಿಂದ ದರ ಹೋಲಿಸುವಾಗ ತೆರಿಗೆ, ಚೌಕಟ್ಟು, ಪ್ಯಾಕಿಂಗ್, ಬಾಡಿಗೆ ಎಲ್ಲ ಸೇರಿ ಅಂಗಡಿಗೆ ಬಂದು ಬೀಳುವಾಗ ಒಂದಕ್ಕೆ ಎಷ್ಟು ಅಂತ ಕೇಳಿ. ಒಂದು ಕೊಂಡರೆ ಒಂದು ಉಚಿತ ಅನ್ನುವ ಮಾದರಿಯ ಸ್ಕೀಮಿಗೆ ಕ್ರೆಡಿಟ್ ಉಂಟು ಅಂತ 2019ರ ಮಾರ್ಚಿನ ಸುತ್ತೋಲೆ ಹೇಳುತ್ತದೆ. ನಿಮ್ಮ ಕೊಡುಗೆಯನ್ನು ಹಾಗೆ ಜೋಡಿಸಬಹುದೇ ಅಂತ ಆಡಿಟರನ್ನು ಮೊದಲೇ ಕೇಳಿ, ಬಿಲ್ ಆದ ಮೇಲಲ್ಲ.

ಪ್ಲಾಸ್ಟಿಕ್ ಚೀಲ ಅಗ್ಗ ಅಂತ ಯಾರಾದರೂ ತೋರಿಸಿದರೆ ಕೈಮುಗಿದು ಕಳಿಸಿ. ನಮ್ಮ ರಾಜ್ಯದಲ್ಲಿ 2016ರಿಂದಲೇ ಪ್ಲಾಸ್ಟಿಕ್ ಕೈಚೀಲಕ್ಕೆ ನಿಷೇಧ ಇದೆ. ಬಟ್ಟೆಯ ಹಾಗೆ ಕಾಣುವ ನಾನ್‌ವೋವನ್ ಕೂಡ ಪಾಲಿಪ್ರೊಪಿಲೀನ್ ಅನ್ನುವ ಪ್ಲಾಸ್ಟಿಕ್ಕೇ. ಅಧಿಕಾರಿಗಳು ಬಂದು ಚೀಲ ಎತ್ತಿಕೊಂಡು ಹೋದರೆ, ದಂಡ ಕಟ್ಟುವ ಹೆಸರು ಯಾರದು ಅಂತ ಹುಡುಕುವ ಕಷ್ಟವೂ ಇಲ್ಲ. ನೀವೇ ದೊಡ್ಡದಾಗಿ ಹಾಕಿಸಿರುತ್ತೀರಿ. ಇಲ್ಲೇ ನಮ್ಮೂರಿನ ಬೆಂಗೇರಿಯಲ್ಲಿ ಖಾದಿ ಕೇಂದ್ರ ಇದೆ, ಅಲ್ಲೊಮ್ಮೆ ಬಟ್ಟೆ ವಿಚಾರಿಸಿ. ಅಲ್ಲಿ ತಯಾರಾಗುವ ರಾಷ್ಟ್ರಧ್ವಜ ಕೊಂಡು ಆಗಸ್ಟ್ 15ಕ್ಕೆ ಹಂಚುತ್ತೇವೆ ಅಂದರೆ ಸಂತೋಷ. ಅದರ ಮೇಲೆ ಅಂಗಡಿಯ ಹೆಸರು ಮಾತ್ರ ಬೇಡ. ಧ್ವಜದ ಮೇಲೆ ಯಾವ ಬರಹವೂ ಇರಬಾರದು ಅಂತ ಧ್ವಜ ಸಂಹಿತೆಯೇ ಹೇಳುತ್ತದೆ.

ದೊಡ್ಡ ಗಿರಾಕಿಗಳಿಗೆ ಎಲ್ಲರಿಗೂ ಕೊಡುವ ಪೆನ್ನನ್ನೇ ಕೊಡಬೇಡಿ. ವರ್ಷವಿಡೀ ವ್ಯವಹಾರ ಕೊಡುವ ಇಪ್ಪತ್ತು ಜನಕ್ಕೆ ಹಾವೇರಿಯ ಏಲಕ್ಕಿ ಮಾಲೆಯನ್ನೋ ಧಾರವಾಡ ಪೇಡೆಯನ್ನೋ ಕೊಡಿ. ಡಬ್ಬಿಯ ಮೇಲೆ ಒಂದು ಸ್ಟಿಕರ್ ಅಂಟಿಸಿದರೆ ಆಯಿತು. ಸ್ಕ್ರೀನೂ ಇಲ್ಲ, ಅಚ್ಚಿನ ಖರ್ಚೂ ಇಲ್ಲ.

ಕೊನೆಗೆ ಕ್ಯಾಲೆಂಡರ್. ಹಳ್ಳಿಯ ಗಿರಾಕಿ ಇರುವ ಬೀಜ, ಗೊಬ್ಬರದ ಅಂಗಡಿಯವರಿಗೆ ಇದಕ್ಕಿಂತ ಒಳ್ಳೆಯ ವಸ್ತು ಇಲ್ಲ ಅನ್ನುವುದು ನನ್ನ ಅಭಿಪ್ರಾಯ. ಅಮಾವಾಸ್ಯೆ, ಹುಣ್ಣಿಮೆ, ಮಳೆ ನಕ್ಷತ್ರ ದೊಡ್ಡ ಅಕ್ಷರದಲ್ಲಿದ್ದು, ಹಾಲಿನ ಲೆಕ್ಕ ಬರೆಯಲು ಪ್ರತಿ ತಾರೀಖಿನ ಪಕ್ಕ ಜಾಗ ಇದ್ದರೆ ವರ್ಷಪೂರ್ತಿ ಗೋಡೆಯ ಮೇಲೆ ಇರುತ್ತದೆ. ಶಿವಕಾಶಿಯಲ್ಲಿ ಮುಂದಿನ ವರ್ಷದ ಕ್ಯಾಲೆಂಡರ್ ಮಾದರಿಗಳ ಆಲ್ಬಂ ಹೊರಬರುವುದು ತಮಿಳರ ಆಡಿ ಪೆರುಕ್ಕು ಹಬ್ಬದ ಹೊತ್ತಿಗೆ, ಅಂದರೆ ಆಗಸ್ಟ್ ಮೊದಲ ವಾರದಲ್ಲಿ. ನಾವು ಏಳುವುದು ನವೆಂಬರಿನಲ್ಲಿ. ಆಗ ಚೆಂದದ ಚಿತ್ರ ಖಾಲಿ, ಪ್ರೆಸ್ಸಿಗೆ ಪುರಸೊತ್ತಿಲ್ಲ, ಅರ್ಜೆಂಟ್ ಅಂತ ಹೆಚ್ಚು ದುಡ್ಡು, ಲಾರಿಯ ಬದಲು ಕೊರಿಯರ್. ಆಗಸ್ಟಿನಲ್ಲೇ ಮಾದರಿ ಆರಿಸಿ ಮುಂಗಡ ಕೊಡಿ.

ಹಿಂದಿನ ಮೇಜಿನ ಮೇಲೆ ಮೂರು ತರಹದ ಚೀಲ ಇಟ್ಟಿದ್ದೇನೆ. ಉಗುರಿನಿಂದ ಕೆರೆದು ನೋಡಿ, ನೀರು ಹಾಕಿ ತಿಕ್ಕಿ ನೋಡಿ. ಯಾವುದರ ಇಂಕು ಏಳುತ್ತದೆ ಅಂತ ಹೇಳಿದರೆ ಅಲ್ಲಿಂದಲೇ ಪ್ರಶ್ನೋತ್ತರ ಶುರು ಮಾಡೋಣ.