ಒಂದು ಬೆಂಚು, ಒಂದು ಉಸಿರು, ಆರತಿ ಸಾಹಾ

ನಮಸ್ಕಾರ. ತೋಟದಲ್ಲಿ, ಅಡುಗೆಮನೇಲಿ ರೇಡಿಯೋ ಹಾಕ್ಕೊಂಡು ಕೇಳ್ತಿರೋ ಎಲ್ರಿಗೂ. ಶಿವಮೊಗ್ಗದ ಹುಡುಗಿಯೊಬ್ಬಳು ಒಬ್ಬಳೇ ನಿಂತು ಆಡ್ತಿರೋ ನಾಟಕ ಒಂದಿದೆ, ಅದನ್ನ ನಿರ್ದೇಶನ ಮಾಡಿರೋನು ನಾನು, ನಾಟಕ ಇರೋದು ಆರತಿ ಸಾಹಾ ಮೇಲೆ. ಯಾರದು ಅಂತೀರಾ? ನನ್ನ ಸಂಕಟಾನೇ ಅದು. 1959ರಲ್ಲಿ ಇಂಗ್ಲಿಷ್ ಕಾಲುವೆ, ಅಂದ್ರೆ ಫ್ರಾನ್ಸ್‌ಗೂ ಇಂಗ್ಲೆಂಡ್‌ಗೂ ನಡುವಿನ ಸಮುದ್ರ, ಈಜಿ ದಾಟಿದ ಏಷ್ಯಾದ ಮೊದಲ ಹೆಣ್ಣುಮಗಳು, ಕಲ್ಕತ್ತಾದೋಳು, 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ಗೆ ಹೋದಾಗ ಅವಳಿಗೆ 11 ವರ್ಷ.

ಸ್ಟೇಜ್ ಮೇಲೆ ನೀರು ಹೆಂಗೆ ತೋರಿಸ್ತೀರಿ ಅಂತ ಎಲ್ರೂ ಕೇಳ್ತಾರೆ. ನೀಲಿ ಸೀರೆ ಅಲ್ಲಾಡಿಸಿ, ಪ್ರೊಜೆಕ್ಟರ್ ಹಾಕ್ಸಿ ಅಂತ ಸಲಹೆ ಬೇರೆ. ಬೇಡ್ರಿ! ನೀರು ತೋರಿಸ್ಬೇಡಿ, ಉಸಿರು ಕೇಳಿಸಿ. ಒಂದು ಬೆಂಚು, ಅದರ ಮೇಲೆ ಬೋರಲು ಮಲಗಿರ್ತಾಳೆ, ಮೂರು ಸಲ ಕೈ ಬೀಸ್ತಾಳೆ, ಮುಖ ಪಕ್ಕಕ್ಕೆ ಹೊರಳಿಸಿ ಬಾಯಗಲ ಮಾಡಿ ಉಸಿರು ಎಳ್ಕೋತಾಳೆ, ಮತ್ತೆ ಮುಖ ಕೆಳಗೆ. ಸ್ವಲ್ಪ ಹೊತ್ತಲ್ಲಿ ಮುಂದಿನ ಸಾಲಿನೋರೂ ಅವಳ ಲೆಕ್ಕಕ್ಕೇ ಉಸಿರಾಡ್ತಿರ್ತಾರೆ.

1959ರ ಆಗಸ್ಟ್ 27ರ ಕಥೆ ಹೇಳ್ಲೇಬೇಕು. ಆರತಿ ಮೊದಲನೇ ಸಲ ಕಾಲುವೆಗೆ ಇಳಿದಿದ್ದು ಅವತ್ತು, ಜೊತೆಗೆ ಬರಬೇಕಾದ ದೋಣಿನೇ 40 ನಿಮಿಷ ಲೇಟು. 40 ನಿಮಿಷ ತಾನೇ ಅನ್ಬೇಡಿ, ಆ ಕಾಲುವೆ ನಮ್ಮ ತುಂಗೆ ಥರ ಒಂದೇ ಕಡೆ ಹರಿಯಲ್ಲ, ಸುಮಾರು ಆರು ಗಂಟೆಗೊಮ್ಮೆ ಸೆಳೆತ ದಿಕ್ಕು ಬದಲಾಯಿಸುತ್ತೆ, ಹೊರಡೋ ಹೊತ್ತು ತಪ್ಪಿದ್ರೆ ಎಲ್ಲಾ ತಪ್ತು. ಇಂಗ್ಲೆಂಡ್ ದಡ ಇನ್ನೈದು ಮೈಲಿ ಅನ್ನೋವಾಗ ಸೆಳೆತ ಎದುರಾಯ್ತು, ಗಂಟೆಗಟ್ಟಲೆ ಕೈ ಬೀಸಿದ್ರೂ ದಡ ಸಿಗಲಿಲ್ಲ. ಅವಳಿಗೆ ಬಿಡೋ ಮನಸ್ಸೇ ಇಲ್ಲ, ದೋಣಿಯವನು ಸಾಕು ಬಾರಮ್ಮ ಅಂತ ಒತ್ತಾಯ ಮಾಡಿ ನಿಲ್ಲಿಸ್ದ. ರೂಲ್ ಏನಂದ್ರೆ, ಈಜ್ತಿರೋರನ್ನ ಎತ್ತೋಕೆ ಅಂತ ಯಾರಾದ್ರೂ ಮುಟ್ಟಿದ್ರೋ, ಈಜು ಅಲ್ಲಿಗೆ ಮುಗೀತು. ನಮ್ಮ ನಾಟಕದಲ್ಲಿ ಆ ದೋಣಿಯವನೂ ಇವಳೇ. ಎಡಗೈ ನಿಧಾನಕ್ಕೆ ಎತ್ತಿ ತನ್ನದೇ ಬಲಭುಜದ ಮೇಲೆ ಇಡ್ತಾಳೆ, ಉಸಿರಿನ ಸದ್ದು ಟಕ್ಕಂತ ನಿಲ್ಲುತ್ತೆ. ಇದಕ್ಕೆ ಪ್ರೊಜೆಕ್ಟರ್ ಯಾಕ್ರೀ ಬೇಕು?

ಟೈಮೆಲ್ಲಾ ಇದಕ್ಕೇ ಹೋಯ್ತು, ಉಳಿದಿದ್ದು ಬೇಗ ಹೇಳ್ತೀನಿ. ಸೆಪ್ಟೆಂಬರ್ 29ಕ್ಕೆ ಮತ್ತೆ ಇಳಿದ್ಲು, 19 ತುಂಬಿ ಇನ್ನೂ ವಾರ ಆಗಿರಲಿಲ್ಲ, 16 ಗಂಟೆ 20 ನಿಮಿಷ ಈಜಿ ದಾಟೇಬಿಟ್ಲು. 1960ರಲ್ಲಿ ಪದ್ಮಶ್ರೀ ಬಂತು. 1994ರಲ್ಲಿ ಕಾಮಾಲೆಯಾಗಿ ತೀರ್ಕೊಂಡ್ಲು.

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಶಾಲೆ-ಕಾಲೇಜಿನೋರು ಕರೆದ್ರೆ ನಾವು ಬಂದು ಆಡ್ತೀವಿ, ಗಟ್ಟಿಯಾದ ಬೆಂಚು ಒಂದಿದ್ರೆ ಸಾಕು. ಮಳೆಗಾಲ ಕಳೆದ್ಮೇಲೆ ಕರೀರಿ, ತಗಡಿನ ಶೀಟ್ ಮೇಲೆ ಮಳೆ ಹೊಡೀತಿದ್ರೆ ಹಿಂದಿನ ಸಾಲಿಗೆ ಉಸಿರು ಕೇಳಲ್ಲ.